ಏಕಪಕ್ಷೀಯ ಸರಣಿಯ ಲೆಕ್ಕ: ತಿರುವನಂತಪುರದಿಂದ ಕೊಲಂಬೊವರೆಗೆ

2023ರ ಜನವರಿ 15ರ ಭಾನುವಾರ ಮಕರ ಸಂಕ್ರಾಂತಿ. ಎಳ್ಳು ಬೀರಲು ಬಂದಿದ್ದ ನೆರೆಮನೆಯ ಇಬ್ಬರು ಹುಡುಗರು, ಸಕ್ಕರೆ ಅಚ್ಚಿನ ತಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಮ್ಮ ಟಿವಿಯ ಮುಂದೆ ಕುಳಿತುಬಿಟ್ಟಿದ್ದರು. ತಿರುವನಂತಪುರದಲ್ಲಿ ಶ್ರೀಲಂಕಾ ವಿರುದ್ಧದ ಏಕದಿನ ಸರಣಿಯ ಮೂರನೇ, ಕೊನೆಯ ಪಂದ್ಯದಲ್ಲಿ ಭಾರತ 5 ವಿಕೆಟ್‌ಗೆ 390 ರನ್ ಪೇರಿಸಿತ್ತು. ಉತ್ತರವಾಗಿ ಶ್ರೀಲಂಕಾ 40 ರನ್ ಮುಟ್ಟುವ ಮೊದಲೇ 6 ವಿಕೆಟ್ ಕಳೆದುಕೊಂಡಿತ್ತು. ದೊಡ್ಡ ಹುಡುಗ ‘ಇನ್ನೇನಿದೆ ನೋಡೋಕೆ’ ಎಂದು ಎದ್ದು ಹೊರಟ. ಚಿಕ್ಕವನು ಮಾತ್ರ ಮಹಮ್ಮದ್ ಸಿರಾಜ್‌ಗೆ ಐದನೇ ವಿಕೆಟ್ ಸಿಗುವವರೆಗೂ ಏಳುವುದಿಲ್ಲವೆಂದು ಹಟ ಹಿಡಿದು ಕೂತ. ಸಿರಾಜ್ ನಾಲ್ಕಕ್ಕೇ ನಿಂತರು, ಶ್ರೀಲಂಕಾ 22 ಓವರ್‌ಗಳಲ್ಲಿ 73ಕ್ಕೆ ಆಲೌಟ್ ಆಯಿತು. ಭಾರತ 317 ರನ್‌ಗಳಿಂದ ಗೆದ್ದು ಸರಣಿಯನ್ನು 3–0ಯಿಂದ ತನ್ನದಾಗಿಸಿಕೊಂಡಿತು. ಪುರುಷರ ಏಕದಿನ ಕ್ರಿಕೆಟ್‌ನಲ್ಲಿ ಅದಕ್ಕೂ ಮೊದಲು ಯಾವ ತಂಡವೂ 300 ರನ್‌ಗಳಿಗಿಂತ ಹೆಚ್ಚಿನ ಅಂತರದಲ್ಲಿ ಗೆದ್ದಿರಲಿಲ್ಲ.

ಎದ್ದು ಹೋದವನು ಮತ್ತು ಕೂತೇ ಇದ್ದವನು, ಇವರಿಬ್ಬರ ನಡುವೆಯೇ ಅಂದಿನಿಂದ ಇಂದಿನವರೆಗೆ ಅಭಿಮಾನಿಗಳ ವಾದ ನಡೆಯುತ್ತಿದೆ. ಇಂಥ ಸರಣಿಗಳು ಏಕೆ ಬೇಕು ಎಂದು ಒಂದು ಕಡೆಯವರು ಕೇಳಿದರೆ, ಗೆಲ್ಲುವುದೇ ತಪ್ಪೇ ಎಂದು ಇನ್ನೊಂದು ಕಡೆಯವರು ಮರುಪ್ರಶ್ನೆ ಹಾಕುತ್ತಾರೆ. ಅದೇ ದಿನ ಯುವರಾಜ್ ಸಿಂಗ್ ಅರ್ಧ ಖಾಲಿಯಿದ್ದ ಕ್ರೀಡಾಂಗಣವನ್ನು ಕಂಡು, ಏಕದಿನ ಕ್ರಿಕೆಟ್ ಸಾಯುತ್ತಿದೆಯೇ ಎಂದು ಟ್ವಿಟರ್‌ನಲ್ಲಿ ಆತಂಕ ವ್ಯಕ್ತಪಡಿಸಿದ್ದರು. 2011ರ ವಿಶ್ವಕಪ್‌ನ ಸರಣಿಶ್ರೇಷ್ಠ ಆಟಗಾರನೇ ಹೀಗೆ ಕೇಳಿದಾಗ ಆ ಮಾತಿಗೆ ತೂಕ ಬಂತು. ವಿರಾಟ್ ಕೊಹ್ಲಿ 110 ಎಸೆತಗಳಲ್ಲಿ ಅಜೇಯ 166, ಶುಭಮನ್ ಗಿಲ್ 97 ಎಸೆತಗಳಲ್ಲಿ 116 ರನ್ ಹೊಡೆದ ದಿನವೂ ಕುರ್ಚಿಗಳು ಖಾಲಿ ಉಳಿದವೆಂದರೆ ಕಾರಣವನ್ನು ಹುಡುಕಲೇಬೇಕು.

ಮೊದಲು ಆ ಖಾಲಿ ಕುರ್ಚಿಗಳನ್ನೇ ನೋಡೋಣ. ಸರಣಿ ಆಗಲೇ 2–0 ಆಗಿದ್ದರಿಂದ ಪಂದ್ಯದ ಫಲಿತಾಂಶಕ್ಕೆ ಬೆಲೆಯಿರಲಿಲ್ಲವೆಂಬುದು ನಿಜ. ಆದರೆ ಕೇರಳದಲ್ಲಿ ಅದು ಶಬರಿಮಲೆಯ ಮಕರವಿಳಕ್ಕಿನ ಸಮಯ, ಗಡಿಯಾಚೆ ತಮಿಳುನಾಡಿನಲ್ಲಿ ಪೊಂಗಲ್. ಟಿಕೆಟ್ ಮೇಲಿನ ಮನರಂಜನಾ ತೆರಿಗೆಯನ್ನು ಶೇ 5ರಿಂದ ಶೇ 12ಕ್ಕೆ ಏರಿಸಿದ್ದು ಪಂದ್ಯಕ್ಕೆ ಮೊದಲೇ ವಿವಾದವಾಗಿತ್ತು, ಹಸಿದವರು ಪಂದ್ಯ ನೋಡಲು ಬರಬೇಕಿಲ್ಲವೆಂಬ ಅರ್ಥ ಬರುವ ರಾಜ್ಯದ ಕ್ರೀಡಾ ಸಚಿವರ ಮಾತು ಆ ಸಿಟ್ಟಿಗೆ ತುಪ್ಪ ಸುರಿದಿತ್ತು. ಹಬ್ಬ, ಬೆಲೆ, ಅವಮಾನ ಮತ್ತು ಮುಗಿದುಹೋದ ಸರಣಿ ಒಟ್ಟಿಗೆ ಸೇರಿ ಮಾಡಿದ ಕೆಲಸವನ್ನು ಏಕದಿನ ಮಾದರಿಯೊಂದರ ತಲೆಗೇ ಕಟ್ಟುವುದು ಅವಸರದ ತೀರ್ಮಾನವಾಗುತ್ತದೆ.

ಇನ್ನು ಸರಣಿಯೇ ಎಷ್ಟು ಏಕಪಕ್ಷೀಯವಾಗಿತ್ತು? ಗುವಾಹಟಿಯ ಮೊದಲ ಪಂದ್ಯದಲ್ಲಿ ಭಾರತ 7 ವಿಕೆಟ್‌ಗೆ 373 ರನ್ ಗಳಿಸಿ 67 ರನ್‌ಗಳಿಂದ ಗೆದ್ದಿತು. ಅಂಕಿಗಳಷ್ಟನ್ನೇ ಓದಿದವರಿಗೆ ಅದು ಸಲೀಸಾದ ಗೆಲುವು. ನೋಡಿದವರಿಗೆ ಮಾತ್ರ ಆ ಕೊನೆಯ ಓವರ್ ಮರೆಯುವಂಥದ್ದಲ್ಲ. ಪಂದ್ಯ ಕೈತಪ್ಪಿಹೋಗಿದ್ದರೂ ಶ್ರೀಲಂಕಾದ ನಾಯಕ ದಸುನ್ ಶನಕ 98 ರನ್ ಗಳಿಸಿ ಬೌಲರ್ ತುದಿಯಲ್ಲಿ ನಿಂತಿದ್ದರು. ಚೆಂಡೆಸೆಯುವ ಮುನ್ನವೇ ಕ್ರೀಸ್ ಬಿಟ್ಟಿದ್ದ ಅವರನ್ನು ಮಹಮ್ಮದ್ ಶಮಿ ರನೌಟ್ ಮಾಡಿದರು. ಅಂಪೈರ್ ಮೂರನೇ ಅಂಪೈರ್‌ನತ್ತ ತಿರುಗುವಷ್ಟರಲ್ಲಿ ರೋಹಿತ್ ಶರ್ಮಾ ಬಂದು ಮನವಿಯನ್ನು ಹಿಂಪಡೆದರು, ಶನಕ ಅಜೇಯ 108ರೊಂದಿಗೆ ಮರಳಿದರು. ನಿಯಮದ ಪ್ರಕಾರ ಅದು ಔಟ್, ಅದನ್ನು ಬಿಟ್ಟುಕೊಡಬಾರದಿತ್ತು ಎಂದವರು ಹಲವರು. ನೂರರ ಹೊಸ್ತಿಲಲ್ಲಿ ನಿಂತವನನ್ನು ಹಾಗೆ ಕಳುಹಿಸುವುದು ಸಲ್ಲದು ಎಂದವರೂ ಅಷ್ಟೇ ಮಂದಿ. ಫಲಿತಾಂಶ ತೀರ್ಮಾನವಾದ ಪಂದ್ಯದಲ್ಲಿ ಕೂಡ ಜನರು ಇಷ್ಟು ಬಿಸಿಯಾಗಿ ವಾದಿಸಬಹುದಾದರೆ, ಗೆಲುವಿನ ಅಂತರವೊಂದೇ ಆಟದ ಸ್ವಾರಸ್ಯವನ್ನು ಅಳೆಯುವುದಿಲ್ಲವೆಂದೇ ಅರ್ಥ.

ಎರಡನೆಯದು ಈಡನ್ ಗಾರ್ಡನ್ಸ್‌ನ ಪಂದ್ಯ, ಅದರಲ್ಲಿ ನಿಜವಾದ ಸೆಣಸಾಟವೇ ಇತ್ತು. 216 ರನ್‌ಗಳ ಗುರಿಯ ಬೆನ್ನಟ್ಟಿದ ಭಾರತ 86ಕ್ಕೆ 4 ವಿಕೆಟ್ ಕಳೆದುಕೊಂಡಿತು. ಆಗ ಕ್ರೀಸ್‌ನಲ್ಲಿದ್ದ ಕೆ.ಎಲ್. ರಾಹುಲ್ 103 ಎಸೆತಗಳಲ್ಲಿ ಅಜೇಯ 64 ರನ್ ಮಾಡಿ, ಹಾರ್ದಿಕ್ ಪಾಂಡ್ಯ ಜೊತೆ ಇನಿಂಗ್ಸ್ ಕಟ್ಟಿ ದಡ ಸೇರಿಸಿದರು. ನಿಧಾನವಾಗಿ ಆಡುತ್ತಾರೆಂದು ವರ್ಷಗಟ್ಟಲೆ ಬೈಸಿಕೊಂಡ ನಮ್ಮ ರಾಹುಲ್‌ಗೆ ಅಂದು ಅದೇ ನಿಧಾನ ಒಗ್ಗಿಬಂತು. ಒಂಟಿ ರನ್‌ಗಳನ್ನು ಕೂಡಿಸುತ್ತ, ಚೆಂಡನ್ನು ಕಣ್ಣಿನಡಿಯೇ ಆಡುತ್ತ, ಐದನೇ ಕ್ರಮಾಂಕದ ಬ್ಯಾಟರ್‌ನ ಕೆಲಸವೇನೆಂಬುದನ್ನು ಅವರು ತೋರಿಸಿಕೊಟ್ಟರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಚೆನ್ನೈನಲ್ಲಿ ಆಸ್ಟ್ರೇಲಿಯಾ ವಿರುದ್ಧದ ವಿಶ್ವಕಪ್ ಪಂದ್ಯದಲ್ಲಿ 2 ರನ್‌ಗೆ 3 ವಿಕೆಟ್ ಬಿದ್ದಾಗ ಅಜೇಯ 97 ರನ್ ಗಳಿಸಿದ ರಾಹುಲ್, ಕೋಲ್ಕತ್ತದಲ್ಲಿ ಆಡಿದ್ದು ಹೆಚ್ಚುಕಡಿಮೆ ಅದರ ತಾಲೀಮಿನಂಥ ಆಟವನ್ನೇ. ಅರ್ಥವಿಲ್ಲದ ಸರಣಿಯೆಂದು ತಳ್ಳಿಹಾಕಿದ ಪಂದ್ಯವೊಂದರಲ್ಲೇ ಈ ಆಟ ಮೂಡಿತ್ತು.

ಹಾಗಾಗಿ 3–0 ಎಂಬ ಅಂಕಿಯನ್ನು ಎಚ್ಚರದಿಂದ ಓದಬೇಕು. ಈ ಸರಣಿ ಮುಗಿದು ಮೂರೇ ದಿನಕ್ಕೆ ಹೈದರಾಬಾದಿನಲ್ಲಿ ನ್ಯೂಜಿಲೆಂಡ್ ವಿರುದ್ಧ ಗಿಲ್ 208 ರನ್ ಹೊಡೆದು ಭಾರತ 349ಕ್ಕೆ ತಲುಪಿತು. ಮೈಕಲ್ ಬ್ರೇಸ್‌ವೆಲ್ 78 ಎಸೆತಗಳಲ್ಲಿ 140 ರನ್ ಸಿಡಿಸಿ ಭಾರತದ ಪಾಳಯದಲ್ಲಿ ನಡುಕ ಹುಟ್ಟಿಸಿದ ಮೇಲೆ ಗೆಲುವು ಕೇವಲ 12 ರನ್‌ಗಳಿಂದ ದಕ್ಕಿತು. ಆ ಸರಣಿಯೂ ದಾಖಲೆಯಲ್ಲಿ 3–0 ಎಂದೇ ಉಳಿದಿದೆ. ಇದಕ್ಕಿಂತ ಕಣ್ಣು ತೆರೆಸುವ ಉದಾಹರಣೆ 2025ರ ಸೆಪ್ಟೆಂಬರ್‌ನದು. ಸೌತಾಂಪ್ಟನ್‌ನಲ್ಲಿ ಇಂಗ್ಲೆಂಡ್ 414 ರನ್ ಗಳಿಸಿ ದಕ್ಷಿಣ ಆಫ್ರಿಕಾವನ್ನು 72ಕ್ಕೆ ಉರುಳಿಸಿ 342 ರನ್‌ಗಳಿಂದ ಗೆದ್ದಿತು, ತಿರುವನಂತಪುರದ ದಾಖಲೆ ಅಳಿಸಿಹೋಯಿತು. ಆದರೆ ಆ ಸರಣಿಯನ್ನು ಗೆದ್ದದ್ದು ದಕ್ಷಿಣ ಆಫ್ರಿಕಾ! ಹೆಡಿಂಗ್ಲೆಯಲ್ಲಿ ಇಂಗ್ಲೆಂಡನ್ನು 131ಕ್ಕೆ ಕಟ್ಟಿಹಾಕಿ, ಲಾರ್ಡ್ಸ್‌ನಲ್ಲಿ 5 ರನ್‌ಗಳಿಂದ ಗೆದ್ದು, ಅದು 2–0 ಮುನ್ನಡೆ ಪಡೆದಾಗಿತ್ತು. ಅಂದರೆ ಪುರುಷರ ಏಕದಿನ ಕ್ರಿಕೆಟ್ಟಿನ ಅತಿ ದೊಡ್ಡ ಅಂತರದ ಪಂದ್ಯ ನಡೆದಿರುವುದು, ಸೋತ ತಂಡವೇ ಗೆದ್ದುಕೊಂಡಿದ್ದ ಸರಣಿಯಲ್ಲಿ.

ಒಮ್ಮೆ ಕುಸಿಯಲಾರಂಭಿಸಿದ ತಂಡ ಅಷ್ಟು ಆಳಕ್ಕೆ ಬೀಳುವುದಕ್ಕೆ ಆಟದ ರಚನೆಯಲ್ಲೇ ಕಾರಣವಿದೆ. ಟೆಸ್ಟ್‌ನಲ್ಲಿ ಡ್ರಾ ಎಂಬ ಆಸರೆಯಿರುತ್ತದೆ, ಟಿ20ಯಲ್ಲಿ ಕುಸಿಯುವುದಕ್ಕೂ ಸಮಯ ಕಡಿಮೆ. 391ರ ಗುರಿಯೆದುರು ಏಕದಿನದ ತಂಡ ಮೊದಲ ಓವರ್‌ನಿಂದಲೇ ಓವರಿಗೆ ಸುಮಾರು 8 ರನ್ ಹುಡುಕಬೇಕು. ದೀಪದ ಬೆಳಕಿನಲ್ಲಿ ಎರಡು ತುದಿಯಿಂದಲೂ ಹೊಸ ಚೆಂಡು ತಿರುಗುತ್ತಿರುವಾಗ ಹಾಗೆ ಹುಡುಕುವುದೆಂದರೆ ಸ್ಲಿಪ್‌ಗೆ ಕ್ಯಾಚ್ ಕೊಡುವುದೇ. 39ಕ್ಕೆ 6 ಆದ ಮೇಲೆ ಉಳಿದವರು 200ಕ್ಕೆ ಆಡಿದರೂ ಸೋಲೇ, 73ಕ್ಕೆ ಮುಗಿಸಿದರೂ ಸೋಲೇ. ಅಲ್ಲಿಂದ ಮುಂದೆ ಅಂತರವು ಎರಡು ತಂಡಗಳ ಸಾಮರ್ಥ್ಯವನ್ನು ಅಳೆಯುವುದಿಲ್ಲ, ಸೋಲನ್ನು ಒಪ್ಪಿಕೊಂಡ ತಂಡವೊಂದರ ಮನಸ್ಸನ್ನು ಅಳೆಯುತ್ತದೆ. ಅದರ ಮೇಲೆ, ಬೌಂಡರಿಯ ಬಳಿ ಕೊಹ್ಲಿಯ ಹೊಡೆತ ತಡೆಯಲು ಓಡಿದ ಜೆಫ್ರಿ ವಾಂಡರ್ಸೆ ಮತ್ತು ಅಶೆನ್ ಬಂಡಾರ ಪರಸ್ಪರ ಡಿಕ್ಕಿ ಹೊಡೆದು, ಇಬ್ಬರನ್ನೂ ಸ್ಟ್ರೆಚರ್‌ನಲ್ಲಿ ಹೊರಗೊಯ್ಯಬೇಕಾಗಿತ್ತು. ಬಂಡಾರ ಬ್ಯಾಟಿಂಗ್‌ಗೆ ಬರಲೇ ಇಲ್ಲ. ವಾಂಡರ್ಸೆಯ ಬದಲಿಗೆ ದುನಿತ್ ವೆಲ್ಲಲಗೆ ಎಂಬ ಹುಡುಗ ಆಡಿ 3 ರನ್ ಮಾಡಿದ. ವಾಂಡರ್ಸೆ, ವೆಲ್ಲಲಗೆ ಎಂಬ ಈ ಎರಡು ಹೆಸರುಗಳನ್ನು ಓದುಗರು ನೆನಪಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಸರಣಿಯ ಅಂತರಕ್ಕಿಂತ ಹೆಚ್ಚಾಗಿ ನಮ್ಮಲ್ಲಿ ಚರ್ಚೆಯಾದದ್ದು ಭಾರತ ತಂಡದ ಆಯ್ಕೆ. ಹಿಂದಿನ ತಿಂಗಳು ಚಟ್ಟೋಗ್ರಾಮದಲ್ಲಿ ಬಾಂಗ್ಲಾದೇಶದ ವಿರುದ್ಧ 210 ರನ್ ಹೊಡೆದ ಇಶಾನ್ ಕಿಶನ್‌ಗೆ ಮೊದಲ ಪಂದ್ಯದಲ್ಲೇ ಜಾಗ ಸಿಗಲಿಲ್ಲ, ದ್ವಿಶತಕ ಬಾರಿಸಿದವನನ್ನು ಕೂರಿಸುವುದು ನ್ಯಾಯವೇ ಎಂದು ಪ್ರಶ್ನಿಸಿದವರಲ್ಲಿ ನಮ್ಮ ವೆಂಕಟೇಶ್ ಪ್ರಸಾದ್ ಅವರೂ ಇದ್ದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ಜಾಗದಲ್ಲಿ ಆಡಿದ ಗಿಲ್ 70, 21, 116 ಮತ್ತು ನ್ಯೂಜಿಲೆಂಡ್ ವಿರುದ್ಧದ ಮುಂದಿನ ಸರಣಿಯ ಮೊದಲ ಪಂದ್ಯದಲ್ಲೇ 208 ರನ್ ಮಾಡಿದ್ದರಿಂದ ಉತ್ತರವೂ ಮೈದಾನದಲ್ಲೇ ಬಂತು. ಎದುರಾಳಿ ದುರ್ಬಲವೆನಿಸಿದಾಗ ಅಭಿಮಾನಿಗಳ ಗಮನ ಸಹಜವಾಗಿಯೇ ತಮ್ಮ ತಂಡದ ಒಳಜಗಳದತ್ತ ಸರಿಯುತ್ತದೆ, ಎದುರಾಳಿಯ ಬಗ್ಗೆ ಒಂದು ಮಾತೂ ಹುಟ್ಟುವುದಿಲ್ಲ. ಏಕಪಕ್ಷೀಯ ಸರಣಿಯಿಂದ ಆಗುವ ನಿಜವಾದ ನಷ್ಟ ಇದೇ ಎಂದು ನನಗನ್ನಿಸುತ್ತದೆ.

ಅದಕ್ಕೆ ಶ್ರೀಲಂಕಾದ ಆ ಕಾಲದ ಕಥೆಯೇ ಸಾಕ್ಷಿ. 2022ರಲ್ಲಿ ಆ ದೇಶ ಆರ್ಥಿಕವಾಗಿ ಕುಸಿದುಬಿದ್ದಿತ್ತು. ಪೆಟ್ರೋಲಿಗಾಗಿ ಕಿಲೋಮೀಟರ್‌ಗಟ್ಟಲೆ ಸಾಲು, ಗಂಟೆಗಟ್ಟಲೆ ವಿದ್ಯುತ್ ಕಡಿತ. ಅಂಥ ಜೂನ್ ತಿಂಗಳಲ್ಲಿ ಆಸ್ಟ್ರೇಲಿಯಾ ತಂಡ ಪ್ರವಾಸ ರದ್ದು ಮಾಡದೆ ಬಂತು, ಶ್ರೀಲಂಕಾ ಏಕದಿನ ಸರಣಿಯನ್ನು 3–2ರಿಂದ ಗೆದ್ದಿತು. ಜೂನ್ 24ರಂದು ಕೊಲಂಬೊದ ಪ್ರೇಮದಾಸ ಕ್ರೀಡಾಂಗಣದಲ್ಲಿ ನಡೆದ ಕೊನೆಯ ಪಂದ್ಯದ ವೇಳೆಗೆ ಸರಣಿ ತೀರ್ಮಾನವಾಗಿತ್ತು, ಅಂದು ಗೆದ್ದದ್ದೂ ಆಸ್ಟ್ರೇಲಿಯಾ. ಆದರೂ ಪ್ರೇಕ್ಷಕರು ಆಸ್ಟ್ರೇಲಿಯಾದ ಹಳದಿ ಬಣ್ಣದ ಉಡುಪು ತೊಟ್ಟು ಬಂದು, ಕಷ್ಟಕಾಲದಲ್ಲಿ ತಮ್ಮಲ್ಲಿಗೆ ಬಂದದ್ದಕ್ಕಾಗಿ ಎದುರಾಳಿ ತಂಡಕ್ಕೆ ಧನ್ಯವಾದ ಹೇಳಿದರು. ತಿರುವನಂತಪುರದಲ್ಲೂ ಕೊಲಂಬೊದಲ್ಲೂ ನಡೆದದ್ದು ಸರಣಿಯ ಫಲಿತಾಂಶ ನಿಶ್ಚಯವಾದ ಮೇಲಿನ ಪಂದ್ಯವೇ. ಒಂದರಲ್ಲಿ ಕುರ್ಚಿಗಳು ಖಾಲಿ, ಇನ್ನೊಂದರಲ್ಲಿ ಜನಸಾಗರ. ಕೊಲಂಬೊದ ಜನರಿಗೆ ಆ ಪಂದ್ಯದಲ್ಲಿ ತಮ್ಮದೆನ್ನುವ ಏನೋ ಒಂದು ಇತ್ತು. ಅದೇ ಸೆಪ್ಟೆಂಬರ್‌ನಲ್ಲಿ ದುಬೈನಲ್ಲಿ ಭಾರತವನ್ನೂ ಪಾಕಿಸ್ತಾನವನ್ನೂ ಸೋಲಿಸಿ ಶ್ರೀಲಂಕಾ ಟಿ20 ಏಷ್ಯಾ ಕಪ್ ಗೆದ್ದಿತು. ತಿರುವನಂತಪುರದಲ್ಲಿ 73ಕ್ಕೆ ಆಲೌಟ್ ಆದದ್ದು ಇದಾದ ನಾಲ್ಕೇ ತಿಂಗಳಿಗೆ.

ಇನ್ನು ಹಣದ ಮಾತು. ಎರಡೇ ದೇಶಗಳ ನಡುವಿನ ದ್ವಿಪಕ್ಷೀಯ ಸರಣಿಯ ಪ್ರಸಾರ ಹಕ್ಕಿನ ಆದಾಯ ಆತಿಥೇಯ ಮಂಡಳಿಗೆ ಸೇರುತ್ತದೆ, ಪ್ರವಾಸಿ ತಂಡಕ್ಕೆ ಅದರಲ್ಲಿ ಪಾಲಿಲ್ಲ. ಆದ್ದರಿಂದ ಶ್ರೀಲಂಕಾದಂಥ ಮಂಡಳಿಗೆ ಭಾರತ ತಂಡ ತನ್ನ ನೆಲಕ್ಕೆ ಬರುವುದೇ ವರ್ಷಗಳ ಖರ್ಚಿಗೆ ಆಧಾರ. 2021ರ ಜುಲೈನಲ್ಲಿ ಮುಖ್ಯ ತಂಡ ಇಂಗ್ಲೆಂಡಿನಲ್ಲಿದ್ದಾಗ ಶಿಖರ್ ಧವನ್ ನಾಯಕತ್ವ ಮತ್ತು ರಾಹುಲ್ ದ್ರಾವಿಡ್ ತರಬೇತಿಯಲ್ಲಿ ಇನ್ನೊಂದು ತಂಡವನ್ನು ಭಾರತ ಶ್ರೀಲಂಕಾಕ್ಕೆ ಕಳುಹಿಸಿತ್ತು. ನಮ್ಮ ಕೆ. ಗೌತಮ್ ಏಕದಿನಕ್ಕೂ ದೇವದತ್ತ ಪಡಿಕ್ಕಲ್ ಟಿ20ಗೂ ಕಾಲಿಟ್ಟದ್ದು ಆ ಪ್ರವಾಸದಲ್ಲೇ ಆದ್ದರಿಂದ ನಮಗದು ಸಂತೋಷದ ನೆನಪು. ಆದರೆ ಎರಡನೇ ದರ್ಜೆಯ ತಂಡವನ್ನು ಕಳುಹಿಸುವುದು ತಮ್ಮ ಕ್ರಿಕೆಟ್ಟಿಗೆ ಅವಮಾನವೆಂದು ಶ್ರೀಲಂಕಾದ ಮಾಜಿ ನಾಯಕ ಅರ್ಜುನ ರಣತುಂಗ ಸಿಡಿದೆದ್ದಿದ್ದರು, ಮತ್ತು ಸರಣಿಯನ್ನು ರದ್ದು ಮಾಡುವ ಸ್ಥಿತಿಯಲ್ಲಿ ಅವರ ಮಂಡಳಿ ಇರಲಿಲ್ಲ. ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ (ಐಸಿಸಿ) 2023ರಲ್ಲಿ ಒಪ್ಪಿದ 2024–27ರ ಆದಾಯ ಹಂಚಿಕೆಯಲ್ಲಿ ಭಾರತದ ಪಾಲು ಶೇ 38.5, ಎರಡನೇ ಸ್ಥಾನದ ಇಂಗ್ಲೆಂಡಿನದು ಶೇ 6.89, ಶ್ರೀಲಂಕಾದ್ದು ಶೇ 4.52. ಆದಾಯ ತರುವವರಿಗೆ ಹೆಚ್ಚು ಪಾಲು ಸಿಗಬೇಕೆಂಬ ವಾದದಲ್ಲಿ ಹುರುಳಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆಡಲು ಎದುರಾಳಿಯೇ ಇಲ್ಲದಿದ್ದರೆ ಆ ಆದಾಯ ಹುಟ್ಟುವುದೂ ಇಲ್ಲ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಹಂಚಿಕೆ, ಸರಣಿಗಳು ಏಕಪಕ್ಷೀಯವಾಗುವುದಕ್ಕೆ ದಾರಿಮಾಡಿಕೊಡುತ್ತದೆ.

ಪಣವಿಲ್ಲದ ಸರಣಿ ಎಂಬ ದೂರಿಗೆ ಉತ್ತರವಾಗಿ ಒಂದು ಪ್ರಯತ್ನ ನಡೆದಿತ್ತು. 2020ರಲ್ಲಿ ಶುರುವಾದ 13 ತಂಡಗಳ ಸೂಪರ್ ಲೀಗ್‌ನಲ್ಲಿ ಪ್ರತಿ ಗೆಲುವಿಗೂ ಅಂಕವಿತ್ತು, ಆ ಅಂಕಗಳ ಮೇಲೆಯೇ 2023ರ ವಿಶ್ವಕಪ್‌ಗೆ ನೇರ ಪ್ರವೇಶ ನಿಂತಿತ್ತು. 2023ರ ಮಾರ್ಚ್‌ನಲ್ಲಿ ನ್ಯೂಜಿಲೆಂಡಿನ ಪ್ರವಾಸದಲ್ಲಿ ಆಕ್ಲೆಂಡ್‌ನಲ್ಲಿ 76ಕ್ಕೆ ಆಲೌಟ್ ಆದ ಶ್ರೀಲಂಕಾ, ಆ ನೇರ ಪ್ರವೇಶ ಕಳೆದುಕೊಂಡು ಜಿಂಬಾಬ್ವೆಯಲ್ಲಿ ಅರ್ಹತಾ ಟೂರ್ನಿ ಆಡಬೇಕಾಯಿತು. ಈ ಲೀಗ್‌ಗೆ ಸೇರದ ತಿರುವನಂತಪುರದ ಪಂದ್ಯದಲ್ಲಿ 73ಕ್ಕೆ ಸೋತದ್ದಕ್ಕೆ ಹೃದಯ ಒಡೆಯುವುದನ್ನು ಬಿಟ್ಟರೆ ಬೇರೆ ಬೆಲೆಯಿರಲಿಲ್ಲ, 76ಕ್ಕೆ ಸೋತದ್ದಕ್ಕೆ ವಿಶ್ವಕಪ್ಪಿನ ಬಾಗಿಲೇ ಬೆಲೆಯಾಗಿತ್ತು. ಹೀಗೆ ಸೋಲಿಗೊಂದು ಅರ್ಥ ಕೊಡುತ್ತಿದ್ದ ಸೂಪರ್ ಲೀಗ್ ಒಂದೇ ಆವೃತ್ತಿಗೆ ನಿಂತುಹೋಯಿತು. 2027ರ ವಿಶ್ವಕಪ್‌ಗೆ ಆತಿಥೇಯರಾದ ದಕ್ಷಿಣ ಆಫ್ರಿಕಾ ಮತ್ತು ಜಿಂಬಾಬ್ವೆ ಬಿಟ್ಟು ಉಳಿದ ಎಂಟು ನೇರ ಸ್ಥಾನಗಳನ್ನು 2027ರ ಮಾರ್ಚ್ 31ರ ರ‍್ಯಾಂಕಿಂಗ್ ನಿರ್ಧರಿಸುತ್ತದೆ. ಅದರಲ್ಲೂ ಪಣವಿದೆ, ಆದರೆ ದಶಮಾಂಶ ಬಿಂದುಗಳಲ್ಲಿ ಅಡಗಿರುವ ಆ ಪಣ ಗ್ಯಾಲರಿಯಲ್ಲಿ ಕೂತವನಿಗೆ ಕಾಣುವುದಿಲ್ಲ. ಮುಂದಿನ ಪಂದ್ಯ ಗೆದ್ದರೆ ಇಷ್ಟನೇ ಸ್ಥಾನ ಎಂದು ಬೆರಳು ಮಡಿಚಿ ಲೆಕ್ಕ ಹಾಕುವ ಸುಖವನ್ನು ಅದು ಅವನಿಗೆ ಕೊಡುವುದಿಲ್ಲ. 2023ರ ಜುಲೈನಲ್ಲಿ, ಕ್ರಿಕೆಟ್ ನಿಯಮಗಳನ್ನು ರೂಪಿಸುವ ಲಂಡನ್ನಿನ ಕ್ಲಬ್ ಎಂಸಿಸಿಯ ವಿಶ್ವ ಕ್ರಿಕೆಟ್ ಸಮಿತಿಯು 2027ರ ನಂತರ ದ್ವಿಪಕ್ಷೀಯ ಏಕದಿನ ಪಂದ್ಯಗಳನ್ನು ಗಣನೀಯವಾಗಿ ಕಡಿಮೆ ಮಾಡಬೇಕೆಂದು ಶಿಫಾರಸು ಮಾಡಿತು. ಸಂಖ್ಯೆ ಕಡಿಮೆಯಾದರೆ ಗುಣ ಹೆಚ್ಚುತ್ತದೆ ಎಂಬುದು ಅದರ ತರ್ಕ. ಆದರೆ ಹಾಗೆ ಕತ್ತರಿ ಹಾಕುವಾಗ ಮೊದಲು ಬೀಳುವುದು ಶ್ರೀಲಂಕಾ, ವೆಸ್ಟ್ ಇಂಡೀಸ್, ಬಾಂಗ್ಲಾದೇಶಗಳ ಪ್ರವಾಸಗಳೇ ಹೊರತು ಆಸ್ಟ್ರೇಲಿಯಾದ್ದಲ್ಲ. ಕಡಿಮೆ ಆಡಿದ ತಂಡ ಇನ್ನಷ್ಟು ಹಿಂದೆ ಬೀಳುತ್ತದೆ, ಆಗ ಅಂತರ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ.

ತಿರುವನಂತಪುರದ ನಂತರ ಶ್ರೀಲಂಕಾ ಇನ್ನೂ ಕೆಳಗಿಳಿಯಿತು. 2023ರ ಸೆಪ್ಟೆಂಬರ್ 17ರಂದು ಕೊಲಂಬೊದಲ್ಲಿ ಭಾರತದ ವಿರುದ್ಧದ ಏಷ್ಯಾ ಕಪ್ ಫೈನಲ್‌ನಲ್ಲಿ ಸಿರಾಜ್ 21 ರನ್‌ಗೆ 6 ವಿಕೆಟ್ ಪಡೆದರು, ತಂಡ 50ಕ್ಕೆ ಆಲೌಟ್. ನವೆಂಬರ್ 2ರಂದು ವಾಂಖೆಡೆಯಲ್ಲಿ ವಿಶ್ವಕಪ್ ಪಂದ್ಯದಲ್ಲಿ 55ಕ್ಕೆ ಆಲೌಟ್, ಸೋಲು 302 ರನ್‌ಗಳಿಂದ. ಆ ತಿಂಗಳೇ ಐಸಿಸಿ ಅವರ ಮಂಡಳಿಯನ್ನು ಸರ್ಕಾರದ ಹಸ್ತಕ್ಷೇಪದ ಕಾರಣಕ್ಕೆ ಅಮಾನತು ಮಾಡಿತು. ಶ್ರೀಲಂಕಾದ ಜೊತೆ ಇನ್ನು ಆಡಿ ಏನು ಪ್ರಯೋಜನ ಎಂದು ಆ ದಿನಗಳಲ್ಲಿ ಕೇಳಿದವರ ಮೇಲೆ ಸಿಟ್ಟು ಮಾಡಿಕೊಳ್ಳಲಾಗುವುದಿಲ್ಲ, ಭಾರತದೆದುರು ಮೂರು ಕುಸಿತಗಳನ್ನು ಕಂಡವರಿಗೆ ಹಾಗನ್ನಿಸುವುದು ಸಹಜ. ಆದರೆ ಸ್ವಲ್ಪ ವಯಸ್ಸಾದವರಿಗೆ ಬೇರೆ ನೆನಪುಗಳೂ ಇದ್ದವು. 1996ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಜಾವಗಲ್ ಶ್ರೀನಾಥ್ ಮೊದಲ ಓವರ್‌ನಲ್ಲೇ ಕಲುವಿತರಣ ಮತ್ತು ಜಯಸೂರ್ಯ ಇಬ್ಬರನ್ನೂ ಥರ್ಡ್‌ಮ್ಯಾನ್‌ಗೆ ಕ್ಯಾಚ್ ಕೊಡಿಸಿದಾಗ ಊರೂರುಗಳಲ್ಲಿ ಎದ್ದ ಕೂಗು, ಅದರ ಬೆನ್ನಿಗೇ ಅರವಿಂದ ಡಿ’ಸಿಲ್ವಾ 66 ರನ್‌ಗಳಿಂದ ಆ ಕೂಗನ್ನು ಅಡಗಿಸಿದ್ದು. 2000ದ ಅಕ್ಟೋಬರ್ 29ರಂದು ಶಾರ್ಜಾದಲ್ಲಿ ಜಯಸೂರ್ಯ 189 ರನ್ ಹೊಡೆದು, ಚಮಿಂಡ ವಾಸ್ 14 ರನ್‌ಗೆ 5 ವಿಕೆಟ್ ಪಡೆದು, ಭಾರತ 54ಕ್ಕೆ ಆಲೌಟ್ ಆದದ್ದು. ಅದು ಇಂದಿಗೂ ಭಾರತದ ಕನಿಷ್ಠ ಏಕದಿನ ಮೊತ್ತ. ಆ 245 ರನ್‌ಗಳ ಸೋಲಿನ ಮೇಲೆ ಭಾರತದೊಂದಿಗೆ ಆಡುವುದೇ ವ್ಯರ್ಥವೆಂದು ಯಾರಾದರೂ ತೀರ್ಮಾನಿಸಿದ್ದರೆ ನಮಗೆ ಹೇಗನ್ನಿಸುತ್ತಿತ್ತು?

2024ರ ಆಗಸ್ಟ್‌ನಲ್ಲಿ ಭಾರತ ತನ್ನ ಹಿರಿಯ ಬ್ಯಾಟರ್‌ಗಳೊಂದಿಗೆ ಕೊಲಂಬೊಗೆ ಹೋಯಿತು. ರೋಹಿತ್, ಕೊಹ್ಲಿ, ರಾಹುಲ್ ಎಲ್ಲರೂ ಇದ್ದರು, ಗೌತಮ್ ಗಂಭೀರ್ ತರಬೇತುದಾರರಾಗಿ ಅದು ಮೊದಲ ಏಕದಿನ ಸರಣಿ. ಅತ್ತ ಶ್ರೀಲಂಕಾದ ಹಂಗಾಮಿ ಕೋಚ್ ಸನತ್ ಜಯಸೂರ್ಯ. ಪ್ರೇಮದಾಸದ ಪಿಚ್ ನಿಧಾನವಾಗಿ ತಿರುಗುತ್ತಿತ್ತು. ಮೊದಲ ಪಂದ್ಯದಲ್ಲಿ ಭಾರತಕ್ಕೆ 15 ಎಸೆತಗಳಲ್ಲಿ ಒಂದೇ ರನ್ ಬೇಕಿತ್ತು, ಎರಡು ವಿಕೆಟ್ ಕೈಯಲ್ಲಿದ್ದವು. ಆಗ ನಾಯಕ ಚರಿತ್ ಅಸಲಂಕ ಸತತ ಎರಡು ಎಸೆತಗಳಲ್ಲಿ ಶಿವಂ ದುಬೆ ಮತ್ತು ಅರ್ಷದೀಪ್ ಸಿಂಗ್ ಅವರನ್ನು ಎಲ್‌ಬಿಡಬ್ಲ್ಯು ಬಲೆಗೆ ಕೆಡವಿದರು, ಪಂದ್ಯ 230–230ರಲ್ಲಿ ಟೈ ಆಯಿತು. ಎರಡನೇ ಪಂದ್ಯದಲ್ಲಿ ವನಿಂದು ಹಸರಂಗ ಗಾಯಗೊಂಡು ಹೊರಗುಳಿದ ಜಾಗಕ್ಕೆ ಬಂದವರು ಜೆಫ್ರಿ ವಾಂಡರ್ಸೆ, ತಿರುವನಂತಪುರದಲ್ಲಿ ಸ್ಟ್ರೆಚರ್ ಮೇಲೆ ಹೊರಹೋದ ಅದೇ ಲೆಗ್ ಸ್ಪಿನ್ನರ್. ವಿಕೆಟ್ ನಷ್ಟವಿಲ್ಲದೆ 97 ರನ್ ಗಳಿಸಿದ್ದ ಭಾರತದ ಮೊದಲ ಆರೂ ವಿಕೆಟ್‌ಗಳನ್ನು ಅವರೇ ಕಿತ್ತರು, 147ಕ್ಕೆ 6. ಅವರ ಬೌಲಿಂಗ್ ಲೆಕ್ಕ 33ಕ್ಕೆ 6. ಆಗಸ್ಟ್ 7ರ ಮೂರನೇ ಪಂದ್ಯದಲ್ಲಿ 249ರ ಗುರಿಯೆದುರು ಭಾರತ 138ಕ್ಕೆ ಆಲೌಟ್ ಆಗಿ 110 ರನ್‌ಗಳಿಂದ ಸೋತಿತು. ಮೂರು ಪಂದ್ಯಗಳಲ್ಲಿ ಬಿದ್ದ ಭಾರತದ 30 ವಿಕೆಟ್‌ಗಳಲ್ಲಿ 27 ಸ್ಪಿನ್ನರ್‌ಗಳ ಪಾಲಾದವು. 1997ರ ನಂತರ ಭಾರತದ ವಿರುದ್ಧ ಶ್ರೀಲಂಕಾ ಗೆದ್ದ ಮೊದಲ ದ್ವಿಪಕ್ಷೀಯ ಏಕದಿನ ಸರಣಿ ಅದು.

2–0 ಎಂಬ ಆ ಫಲಿತಾಂಶವೂ ಏಕಪಕ್ಷೀಯವೇ. ಆದರೆ ಏಕದಿನ ಕ್ರಿಕೆಟ್ ಸಾಯುತ್ತಿದೆಯೇ ಎಂಬ ಪ್ರಶ್ನೆ ಆ ವಾರ ನನ್ನ ಸುತ್ತಲಿನ ಯಾರ ಬಾಯಲ್ಲೂ ಬರಲಿಲ್ಲ. ರೋಹಿತ್ ಬಿಟ್ಟರೆ ಸ್ವೀಪ್ ಮಾಡಬಲ್ಲವರು ಯಾರಿದ್ದಾರೆ, ರಾಹುಲ್‌ರನ್ನು ಮೂರನೇ ಪಂದ್ಯಕ್ಕೆ ಕೈಬಿಟ್ಟದ್ದು ಸರಿಯೇ, ಸ್ಪಿನ್ ಆಡುವುದನ್ನು ನಮ್ಮವರು ಮರೆತರೇ ಎಂದೆಲ್ಲ ವಾದ ಬೆಳೆಯಿತು. ಸಂಕ್ರಾಂತಿಯ ದಿನ ಕೂತೇ ಇದ್ದ ನೆರೆಮನೆಯ ಚಿಕ್ಕವನು ಆ ಬುಧವಾರ ಸಂಜೆಯೂ ನಮ್ಮ ಟಿವಿಯ ಮುಂದಿದ್ದ. ಭಾರತದ ಬ್ಯಾಟರ್‌ಗಳನ್ನು ಒಬ್ಬೊಬ್ಬರನ್ನಾಗಿ ಕಳುಹಿಸುತ್ತಿದ್ದ ಎಡಗೈ ಸ್ಪಿನ್ನರ್‌ನ ಕಡೆ ಬೆರಳು ಮಾಡಿ ಇವನು ಯಾರೆಂದು ಕೇಳಿದ. ಅಂದು 27 ರನ್‌ಗೆ 5 ವಿಕೆಟ್ ಪಡೆದ ಆ ಬೌಲರ್ ದುನಿತ್ ವೆಲ್ಲಲಗೆ. ‘ನೀನು ನೋಡಿದ್ದೀಯ, ಸಿರಾಜ್‌ಗೆ ಐದನೇ ವಿಕೆಟ್ ಸಿಗಲಿ ಅಂತ ಕಾದಿದ್ದೆಯಲ್ಲ, ಆ ದಿನ ಬದಲಿ ಆಟಗಾರನಾಗಿ ಬಂದಿದ್ದ’ ಎಂದೆ. ಹುಡುಗನಿಗೆ ನೆನಪಿರಲಿಲ್ಲ.